ಸೈಕಲ್ ಸವಾರರು ಆತ್ಮರಕ್ಷಣೆಗಾಗಿ ಬಂದೂಕು ಇಟ್ಟುಕೊಳ್ಳಬೇಕೇ? ಪದೇ ಪದೇ ಕೇಳುವ ಪ್ರಶ್ನೆಗಳು

ಒಂಟಿಯಾಗಿ ದೂರದ ಸವಾರಿ ಹೋಗುವವರ ಮನಸ್ಸಿನಲ್ಲಿ, ಅದರಲ್ಲೂ ಒಮ್ಮೆ ಚಾಲಕನೊಬ್ಬನ ಬೆದರಿಕೆಗೋ ನಾಯಿಗಳ ಹಿಂಡಿಗೋ ಸಿಕ್ಕಿ ಎದೆ ನಡುಗಿದವರ ಮನಸ್ಸಿನಲ್ಲಿ, ಈ ಪ್ರಶ್ನೆ ಒಂದಲ್ಲ ಒಂದು ದಿನ ಏಳುತ್ತದೆ. ಆ ಭಯವನ್ನು ಹಗುರವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ನನಗೆ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳಿಗೆ ತಿಳಿದ ಮಟ್ಟಿಗೆ ಇಲ್ಲಿ ಉತ್ತರಿಸಿದ್ದೇನೆ.

ಒಂದೇ ಮಾತಿನಲ್ಲಿ ಹೇಳುವುದಾದರೆ, ಇಟ್ಟುಕೊಳ್ಳಬೇಕೇ ಬೇಡವೇ?

ಬೇಡ. ಬಂದೂಕನ್ನು ಸರಿಯಾಗಿ ಬಳಸಬೇಕಾದರೆ ಕಾಲ ಕೆಳಗೆ ಗಟ್ಟಿ ನೆಲ ಬೇಕು, ಕೈಗಳು ಖಾಲಿ ಇರಬೇಕು, ಉಸಿರು ಹಿಡಿತದಲ್ಲಿರಬೇಕು, ಎದುರಿಗಿರುವವರು ಯಾರು ಮತ್ತು ಅವರ ಹಿಂದೆ ಯಾರಿದ್ದಾರೆ ಎಂದು ನೋಡಿ ನಿರ್ಧರಿಸಲು ಒಂದೆರಡು ಸೆಕೆಂಡುಗಳ ಬಿಡುವು ಸಿಗಬೇಕು. ಸೈಕಲ್ ಮೇಲೆ ಕುಳಿತವರಿಗೆ ಅಪಾಯ ಎದುರಾಗುವ ಗಳಿಗೆಯಲ್ಲಿ ಇವುಗಳಲ್ಲಿ ಒಂದೂ ಇರುವುದಿಲ್ಲ. ಹಾಗಾಗಿ ಈ ಬಗ್ಗೆ ಯೋಚಿಸುವವರು ತಮ್ಮನ್ನು ತಾವು ಕೇಳಿಕೊಳ್ಳಬೇಕಾದದ್ದು ಇಷ್ಟು: ನಾನು ಹೆದರುವ ಆ ಘಟನೆ ನಡೆಯುತ್ತಿರುವಾಗ, ಅದರ ಯಾವ ಸೆಕೆಂಡಿನಲ್ಲಿ ನಾನು ಬಂದೂಕನ್ನು ಹೊರತೆಗೆಯುತ್ತೇನೆ? ಮುಂದಿನ ಉತ್ತರಗಳೆಲ್ಲವೂ ಈ ಪ್ರಶ್ನೆಯ ಸುತ್ತಲೇ ಇವೆ.

ಈ ಯೋಚನೆ ಹೊಸದೇ?

ಹೊಸದಲ್ಲ, ಸೈಕಲ್ಲಿನಷ್ಟೇ ಹಳೆಯದು. ದೊಡ್ಡ ಚಕ್ರದ ಸೈಕಲ್ ಏರಿ 1884ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು 1886ರ ಕೊನೆಗೆ ಯೋಕೋಹಾಮಾ ತಲುಪಿದ ಥಾಮಸ್ ಸ್ಟೀವನ್ಸ್ ಅವರ ಅತಿ ಕಡಿಮೆ ಸಾಮಾನುಗಳಲ್ಲಿ ಕಾಲುಚೀಲ, ಒಂದು ಅಂಗಿ, ಗುಡಾರವೂ ಆಗುತ್ತಿದ್ದ ಮಳೆಯಂಗಿಯ ಜೊತೆಗೆ ಒಂದು ಜೇಬಿನ ರಿವಾಲ್ವರ್ ಕೂಡ ಇತ್ತು. ಅದೇ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಬಂದೂಕು ತಯಾರಕ ಚಾರ್ಲ್ಸ್ ಫ್ರಾಂಸ್ವಾ ಗಲಾಂ ಸೈಕಲ್ ಸವಾರರಿಗೆಂದೇ ‘ವೆಲೋ ಡಾಗ್’ ಎಂಬ ಪುಟ್ಟ ರಿವಾಲ್ವರನ್ನು ರೂಪಿಸಿದರು. ‘ವೆಲೋ’ ಎಂದರೆ ಸೈಕಲ್, ‘ಡಾಗ್’ ಎಂದರೆ ಬೆನ್ನಟ್ಟುವ ನಾಯಿ. ಲೂಯಿ ಪಾಶ್ಚರ್ ರೇಬಿಸ್ ಲಸಿಕೆಯನ್ನು ಮನುಷ್ಯನಿಗೆ ಮೊದಲ ಬಾರಿ ಕೊಟ್ಟದ್ದೇ 1885ರಲ್ಲಿ. ನಾಯಿ ಕಚ್ಚಿದರೆ ಪ್ರಾಣವೇ ಹೋಗಬಹುದು ಎಂಬ ಭಯ ಜನರಲ್ಲಿ ಇನ್ನೂ ಹಸಿಯಾಗಿದ್ದ ಕಾಲ ಅದು.

ಈ ಕಥೆಯಲ್ಲಿ ನನ್ನ ಗಮನ ಸೆಳೆದದ್ದು ಬೇರೆಯೇ ಒಂದು ವಿವರ. ಆ ರಿವಾಲ್ವರಿಗೆ ಸೀಸದ ಗುಂಡಿನ ಜೊತೆಗೆ ಖಾರದ ಮೆಣಸಿನ ಪುಡಿ ತುಂಬಿದ ತೋಟಾಗಳೂ, ಮೇಣದ ಗುಂಡುಗಳೂ ಸಿಗುತ್ತಿದ್ದವು. ನಾಯಿಯನ್ನು ಓಡಿಸಲು ಕೊಲ್ಲುವ ಗುಂಡು ಬೇಕಿಲ್ಲ ಎಂಬುದು ಅದನ್ನು ಮಾರುತ್ತಿದ್ದವರಿಗೇ ಗೊತ್ತಿತ್ತು. ಇಂದಿನ ಪೆಪ್ಪರ್ ಸ್ಪ್ರೇ ಡಬ್ಬಿ ಮಾಡುವ ಕೆಲಸವನ್ನೇ ಅವರು ಅಂದು ಬಂದೂಕಿನ ನಳಿಗೆಯಿಂದ ಮಾಡಲು ಹೊರಟಿದ್ದರು.

ಸವಾರರ ಪ್ರಾಣಕ್ಕೆ ನಿಜವಾಗಿ ಕುತ್ತು ತರುವುದು ಏನು?

ವಿಶ್ವ ಆರೋಗ್ಯ ಸಂಸ್ಥೆಯ 2023ರ ರಸ್ತೆ ಸುರಕ್ಷತಾ ವರದಿಯ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ರಸ್ತೆಯಲ್ಲಿ ಸಾಯುತ್ತಾರೆ. ಅವರಲ್ಲಿ ನೂರಕ್ಕೆ ಸುಮಾರು ಆರು ಮಂದಿ ಸೈಕಲ್ ಸವಾರರು, ಎಂದರೆ ಎಪ್ಪತ್ತು ಸಾವಿರದಷ್ಟು. ತಿರುವಿನಲ್ಲಿ ಕನ್ನಡಿ ನೋಡದ ಲಾರಿ ಚಾಲಕ, ಹಿಂದಿನಿಂದ ಬರುತ್ತ ಫೋನಿನತ್ತ ಕಣ್ಣು ಹಾಯಿಸಿದವರು, ನಿಂತ ಕಾರಿನ ಬಾಗಿಲನ್ನು ಹಿಂದೆ ನೋಡದೆ ತೆರೆದವರು: ಇಂಥ ಸಾವುಗಳಲ್ಲಿ ‘ಶತ್ರು’ ಎಂಬವನೇ ಇರುವುದಿಲ್ಲ. ಗುರಿ ಇಡಲು ಯಾರೂ ಇಲ್ಲದ ಅಪಾಯದಿಂದ ಬಂದೂಕು ಕಾಪಾಡಲಾರದು.

ಬೇಕೆಂದೇ ಮೈಮೇಲೆ ವಾಹನ ತರುವ ಚಾಲಕರೂ ಇದ್ದಾರಲ್ಲ? ಅವರ ವಿರುದ್ಧ ಉಪಯೋಗವಾಗದೇ?

ಅಂಥವರಿದ್ದಾರೆ. ಕೂದಲೆಳೆಯ ಅಂತರದಲ್ಲಿ ಉಜ್ಜಿಕೊಂಡು ಹೋಗುವವರು, ಮುಂದೆ ಹೋಗಿ ತಟ್ಟನೆ ಬ್ರೇಕ್ ಹಾಕುವವರು, ಕಿಟಕಿಯಿಂದ ಬಾಟಲಿ ಎಸೆಯುವವರು. ಈ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರು ಇಂಥದ್ದೊಂದನ್ನು ಅನುಭವಿಸಿದವರೇ ಆಗಿರುವುದರಿಂದ ಇದಕ್ಕೆ ವಿವರವಾಗಿಯೇ ಉತ್ತರಿಸಬೇಕು.

ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ ಹದಿನಾರು ಮೀಟರಿಗೂ ಹೆಚ್ಚು ದೂರ ಸಾಗುತ್ತದೆ. ನುರಿತ ಪೊಲೀಸ್ ಅಧಿಕಾರಿ ನಿಂತಲ್ಲೇ ನಿಂತು ಒರೆಯಿಂದ ಪಿಸ್ತೂಲು ತೆಗೆದು ಗುಂಡು ಹಾರಿಸಲು ಬೇಕಾಗುವ ಒಂದೂವರೆ ಸೆಕೆಂಡಿನಲ್ಲಿ ಆ ಕಾರು 25 ಮೀಟರ್ ದಾಟಿರುತ್ತದೆ. ಹಿಂದಿನಿಂದ ಬರುವ ವಾಹನದ ಉದ್ದೇಶ ನಿಮಗೆ ಅರ್ಥವಾಗುವ ಹೊತ್ತಿಗೆ ಅದು ನಿಮಗೆ ತಾಗಿರುತ್ತದೆ ಅಥವಾ ನಿಮ್ಮನ್ನು ದಾಟಿರುತ್ತದೆ. ದಾಟಿ ಹೋದ ಕಾರಿನತ್ತ ಹಾರಿಸಿದ ಗುಂಡನ್ನು ಯಾವ ನ್ಯಾಯಾಲಯವೂ ಆತ್ಮರಕ್ಷಣೆ ಎಂದು ಒಪ್ಪುವುದು ಕಷ್ಟ. ಅಪಾಯ ಮುಗಿದ ಮೇಲೆ ಮಾಡಿದ್ದು ಸೇಡು.

ಒಂದು ವೇಳೆ ಗುಂಡು ಚಾಲಕನಿಗೇ ತಾಗಿತು ಎಂದಿಟ್ಟುಕೊಳ್ಳೋಣ. ಒಂದೂವರೆ ಟನ್ ತೂಕದ ಕಾರು ಅದರಿಂದ ನಿಲ್ಲುವುದಿಲ್ಲ. ಹಿಡಿಯುವ ಕೈ ಇಲ್ಲದೆ ಓಡುತ್ತದೆ. ನ್ಯೂಯಾರ್ಕ್ ನಗರದ ಪೊಲೀಸ್ ಇಲಾಖೆ ಚಲಿಸುವ ವಾಹನಗಳತ್ತ ಗುಂಡು ಹಾರಿಸುವುದನ್ನು 1972ರಲ್ಲೇ ನಿರ್ಬಂಧಿಸಿತು. ತರಬೇತಿ ಪಡೆದು ನೆಲದ ಮೇಲೆ ನಿಂತಿರುವ ಪೊಲೀಸರಿಗೇ ಬೇಡವೆಂದ ಕೆಲಸವನ್ನು, ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ತೂಗಾಡುತ್ತಿರುವ ಸವಾರ ಮಾಡಬಲ್ಲನೆಂದು ನಾನು ನಂಬುವುದಿಲ್ಲ.

2018ರ ಜುಲೈ 29ರಂದು ತಜಕಿಸ್ತಾನದ ದಂಗರಾ ಬಳಿ ದೂರಪ್ರಯಾಣದಲ್ಲಿದ್ದ ವಿದೇಶಿ ಸೈಕಲ್ ಸವಾರರ ಗುಂಪಿನ ಮೇಲೆ ಭಯೋತ್ಪಾದಕರು ದಾಳಿ ಮಾಡಿ ನಾಲ್ವರನ್ನು ಕೊಂದರು. ಸವಾರರು ಬಂದೂಕು ಇಟ್ಟುಕೊಳ್ಳಬೇಕು ಎನ್ನುವವರು ಈ ದಾರುಣ ಘಟನೆಯನ್ನು ಉದಾಹರಿಸುವುದುಂಟು. ಆದರೆ ಅಲ್ಲಿ ದಾಳಿಕೋರರು ಮೊದಲು ಕಾರನ್ನು ಗುಂಪಿನೊಳಕ್ಕೆ ನುಗ್ಗಿಸಿದರು. ಚಾಕು ಹಿಡಿದು ಇಳಿದದ್ದು ಆಮೇಲೆ. ಹಿಂದಿನಿಂದ ಬಂದ ಕಾರು ಕೆಡವಿದ ಮೇಲೆ ಸೊಂಟದಲ್ಲಿ ಏನಿದೆ ಎಂಬುದಕ್ಕೆ ಹೆಚ್ಚಿನ ಅರ್ಥ ಉಳಿಯುವುದಿಲ್ಲ.

ದರೋಡೆಕೋರರು ಅಡ್ಡಗಟ್ಟಿದರೆ?

ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನಿಸ್ ಟುಲ್ಲರ್ 1983ರಲ್ಲಿ ಬರೆದ ಲೇಖನವೊಂದು ಈ ವಿಷಯದಲ್ಲಿ ಇಂದಿಗೂ ಚರ್ಚೆಯಲ್ಲಿದೆ. ಚಾಕು ಹಿಡಿದ ಸಾಮಾನ್ಯ ಆರೋಗ್ಯವಂತ ವ್ಯಕ್ತಿ 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ಓಡಿ ಮುಗಿಸುತ್ತಾನೆ ಎಂಬುದು ಅವರು ಕಂಡುಕೊಂಡದ್ದು. ಪಿಸ್ತೂಲು ಹೊರತೆಗೆಯುವವನಿಗೆ ಬೇಕಾಗುವುದೂ ಅಷ್ಟೇ ಹೊತ್ತು. ಇದು ನೆಲದ ಮೇಲೆ ಸಿದ್ಧವಾಗಿ ನಿಂತವನ ಲೆಕ್ಕ. ಸವಾರ ಮೊದಲು ಬ್ರೇಕ್ ಹಿಡಿಯಬೇಕು, ಪೆಡಲಿನಿಂದ ಕಾಲು ಬಿಡಿಸಬೇಕು, ಎರಡು ಕಾಲಿನ ನಡುವೆ ಸಿಕ್ಕಿಕೊಂಡ ಸೈಕಲ್ಲನ್ನು ಸಂಭಾಳಿಸಬೇಕು, ಬಳಿಕ ಕೈಗವಸು ತೊಟ್ಟ ಬೆರಳಿನಿಂದ ಬೆವರಿಗೆ ಅಂಟಿದ ಅಂಗಿಯನ್ನು ಎತ್ತಬೇಕು. ಸೈಕಲ್ಲಿಗಾಗಿ ಬಂದವರಿಗೆ ಸೈಕಲ್ಲನ್ನು ಬಿಟ್ಟುಕೊಡಿ. ಬಂದೂಕು ಕಂಡರೆ ಅವರಿಗೆ ಅದು ಸೈಕಲ್ಲಿಗಿಂತ ದೊಡ್ಡ ಕೊಳ್ಳೆ.

ಗುರಿ ಹೊಡೆಯುವುದನ್ನು ಚೆನ್ನಾಗಿ ಅಭ್ಯಾಸ ಮಾಡಿಕೊಂಡರೆ ಸಾಲದೇ?

ಬಯಾಥ್ಲಾನ್ ಆಟವನ್ನು ನೋಡಿದವರಿಗೆ ಇದರ ಉತ್ತರ ಗೊತ್ತು. ಹಿಮದ ಮೇಲೆ ಸ್ಕೀ ಮಾಡುತ್ತ ಬಂದು, ನಿಂತು, 50 ಮೀಟರ್ ದೂರದ ಐದು ಗುರಿಗಳಿಗೆ ರೈಫಲ್‌ನಿಂದ ಗುಂಡು ಹೊಡೆಯಬೇಕಾದ ಆಟ ಅದು. ನಿಂತು ಹೊಡೆಯುವಾಗ ಗುರಿಯ ಅಗಲ 115 ಮಿಲಿಮೀಟರ್, ಮಲಗಿ ಹೊಡೆಯುವಾಗ 45 ಮಿಲಿಮೀಟರ್. ಜೀವಮಾನವೆಲ್ಲ ಇದನ್ನೇ ಅಭ್ಯಾಸ ಮಾಡಿದ ಒಲಿಂಪಿಕ್ ಕ್ರೀಡಾಪಟುಗಳು ಗುಂಡಿನ ಅಂಕಣ ಹತ್ತಿರವಾಗುತ್ತಿದ್ದಂತೆ ವೇಗ ತಗ್ಗಿಸುತ್ತಾರೆ, ಉಸಿರನ್ನು ಹತೋಟಿಗೆ ತಂದುಕೊಳ್ಳುತ್ತಾರೆ, ಉಸಿರುಗಳ ನಡುವಿನ ಬಿಡುವಿನಲ್ಲಿ ಬಂದೂಕಿನ ಕುದುರೆ (ಟ್ರಿಗರ್) ಎಳೆಯುತ್ತಾರೆ. ಆದರೂ ಗುರಿ ತಪ್ಪಿ, ಅನೇಕ ಸ್ಪರ್ಧೆಗಳಲ್ಲಿ ತಪ್ಪಿಗೊಂದರಂತೆ 150 ಮೀಟರಿನ ದಂಡದ ಸುತ್ತು ಹಾಕುತ್ತಾರೆ. ಅಲ್ಲಿ ಯಾರೂ ಅವರನ್ನು ಕೊಲ್ಲಲು ಬರುತ್ತಿರುವುದಿಲ್ಲ. ಇನ್ನೊಂದು ಮಾತು: ಓಟದ ಉದ್ದಕ್ಕೂ ಆ ರೈಫಲ್‌ನ ನಳಿಗೆಯಲ್ಲಿ ಗುಂಡು ಇರುವುದಿಲ್ಲ. ಬೀಳಬಹುದಾದ ಮನುಷ್ಯನ ಬೆನ್ನ ಮೇಲೆ ಗುಂಡು ತುಂಬಿದ ಬಂದೂಕು ಇರಬಾರದು ಎಂಬುದನ್ನು ಆಟದ ನಿಯಮ ಮಾಡಿದವರು ತಿಳಿದಿದ್ದರು.

ಬಂದೂಕಿಲ್ಲದೆಯೇ ಇದನ್ನು ಪರೀಕ್ಷಿಸಬಹುದು. ಮನೆಯೊಳಗೆ ಟ್ರೇನರ್ (ಸೈಕಲ್ಲನ್ನು ನಿಂತಲ್ಲೇ ತುಳಿಯಲು ಬಳಸುವ ಚೌಕಟ್ಟು) ಮೇಲೆ ಐದು ನಿಮಿಷ ಏದುಸಿರು ಬರುವಂತೆ ಪೆಡಲ್ ತುಳಿದು, ಥಟ್ಟನೆ ಇಳಿದು, ಸೂಜಿಗೆ ದಾರ ಪೋಣಿಸಲು ಪ್ರಯತ್ನಿಸಿ. ದಾರದ ತುದಿ ಸೂಜಿಯ ಕಣ್ಣಿನ ಸುತ್ತ ಅಲೆದಾಡುವುದನ್ನು ಕಾಣುವಿರಿ.

ನಾಯಿಗಳು ಬೆನ್ನಟ್ಟಿದರೆ?

ನಾಯಿ ಅಟ್ಟಿಸಿಕೊಂಡು ಬರುವುದು ಹೆಚ್ಚಾಗಿ ತಿರುಗುವ ಚಕ್ರವನ್ನು, ಓಡುವ ಕಾಲನ್ನು. ನಿಂತರೆ ಅದರ ಆಟವೇ ಕೆಡುತ್ತದೆ. ಒಮ್ಮೆ ಮುಂಜಾವದಲ್ಲಿ ಮೂರು ನಾಯಿಗಳು ಒಟ್ಟಿಗೆ ಬಂದಾಗ ನಾನು ಇಳಿದು ಸೈಕಲ್ಲನ್ನು ನನಗೂ ಅವುಗಳಿಗೂ ನಡುವೆ ಬೇಲಿಯಂತೆ ಹಿಡಿದೆ. ಮುಂದಿನದು ಮುಂಚಕ್ರದಿಂದ ಒಂದು ಗೇಣು ದೂರದಲ್ಲಿ ನಿಂತು ಹಲ್ಲು ಕಿರಿಯಿತು. ಉಳಿದೆರಡು ಪಕ್ಕಕ್ಕೆ ಸುತ್ತಿಬರಲು ನೋಡಿದಂತೆ ನಾನೂ ಸೈಕಲ್ಲನ್ನು ತಿರುಗಿಸುತ್ತ ಹೋದೆ. ಗಡಸು ದನಿಯಲ್ಲಿ ಗದರಿದೆ, ಬಾಟಲಿಯ ನೀರನ್ನು ಮುಂದಿನದರ ಮುಖಕ್ಕೆ ಚಿಮ್ಮಿಸಿದೆ. ಕಣ್ಣಲ್ಲಿ ಕಣ್ಣಿಟ್ಟು ನೋಡದೆ, ಬೆನ್ನು ತೋರಿಸದೆ, ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿಯುತ್ತ ಬಂದೆ. ತಮ್ಮ ಎಲ್ಲೆ ಮುಗಿದ ಕಡೆ ಅವು ತಾವಾಗಿಯೇ ನಿಂತವು.

ಆ ಜಾಗದಲ್ಲಿ ಗುಂಡು ಹಾರಿಸಿದ್ದರೆ ಏನಾಗುತ್ತಿತ್ತು ಎಂದು ಆಮೇಲೆ ಯೋಚಿಸಿದ್ದೇನೆ. ನಾಯಿ ನೆಲಮಟ್ಟದಲ್ಲಿರುವುದರಿಂದ ನಳಿಗೆ ರಸ್ತೆಯತ್ತ ಬಾಗಿರುತ್ತದೆ. ತಪ್ಪಿದ ಗುಂಡು ಗಟ್ಟಿ ರಸ್ತೆಗೆ ತಾಗಿ ಎತ್ತ ಚಿಮ್ಮುತ್ತದೆ ಎಂದು ಹೇಳಲಾಗದು. ಸುತ್ತಲಿನ ಮನೆಗಳಲ್ಲಿ ಜನ ಇನ್ನೂ ಮಲಗಿದ್ದರು. ಕಚ್ಚಿಯೇ ಬಿಟ್ಟರೂ, ಗಾಯವನ್ನು ಸಾಬೂನು ನೀರಿನಿಂದ ಹದಿನೈದು ನಿಮಿಷ ಚೆನ್ನಾಗಿ ತೊಳೆದು ತಡಮಾಡದೆ ಲಸಿಕೆ ಹಾಕಿಸಿಕೊಂಡರೆ ರೇಬಿಸ್‌ನಿಂದ ಪಾರಾಗುವ ದಾರಿ ಇಂದು ಇದೆ.

ಕಾಡಿನ ದಾರಿಯಲ್ಲಿ ಕರಡಿಯಂಥ ಪ್ರಾಣಿಗಳು ಎದುರಾದರೆ?

ಇಲ್ಲಿ ಮಾತ್ರ ನಂಬಬಹುದಾದ ಅಧ್ಯಯನಗಳಿವೆ. ಅಮೆರಿಕದ ಅಲಾಸ್ಕಾದಲ್ಲಿ ಕರಡಿ ಸ್ಪ್ರೇ (ಕರಡಿಯನ್ನು ಓಡಿಸುವ ಖಾರದ ಸ್ಪ್ರೇ) ಬಳಸಿದ 83 ಘಟನೆಗಳನ್ನು ಸಂಶೋಧಕರಾದ ಟಾಮ್ ಸ್ಮಿತ್, ಸ್ಟೀಫನ್ ಹೆರೆರೋ ಮತ್ತು ಸಂಗಡಿಗರು ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದರು. ಕಂದು ಕರಡಿಗಳ ವಿಷಯದಲ್ಲಿ ಸ್ಪ್ರೇ ನೂರಕ್ಕೆ 92ರಷ್ಟು ಸಲ ಫಲ ಕೊಟ್ಟಿತ್ತು. ಸ್ಪ್ರೇ ಇಟ್ಟುಕೊಂಡವರಲ್ಲಿ ನೂರಕ್ಕೆ 98 ಮಂದಿಗೆ ಗಾಯವೇ ಆಗಿರಲಿಲ್ಲ. 2012ರಲ್ಲಿ ಅದೇ ತಂಡ ಬಂದೂಕು ಇದ್ದ 269 ಘಟನೆಗಳನ್ನು ನೋಡಿತು. ಬಂದೂಕು ಬಳಸಿದವರಿಗೂ, ಕೈಯಲ್ಲಿದ್ದರೂ ಬಳಸದವರಿಗೂ ಆದ ಗಾಯ ಮತ್ತು ಸಾವುಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಸವಾರರಿಗೆ ಇಲ್ಲೊಂದು ವಿಶೇಷ ತೊಡಕು ಇದೆ. ಸೈಕಲ್ ಸದ್ದಿಲ್ಲದೆ ವೇಗವಾಗಿ ಬರುವುದರಿಂದ ತಿರುವಿನಲ್ಲಿ ಪ್ರಾಣಿಯೂ ಸವಾರನೂ ಒಟ್ಟಿಗೆ ಬೆಚ್ಚಿಬೀಳುತ್ತಾರೆ. ಕಣ್ಣಿಗೆ ಕಾಣದ ತಿರುವುಗಳಲ್ಲಿ ನಿಧಾನಿಸುವುದು, ಗಂಟೆ ಬಾರಿಸುವುದು, ಜೋರಾಗಿ ಮಾತಾಡುತ್ತ ಹೋಗುವುದು ಇವೇ ಮೊದಲ ರಕ್ಷಣೆ. ಸ್ಪ್ರೇ ಡಬ್ಬಿಯನ್ನು ಸೈಕಲ್ಲಿಗೆ ಕಟ್ಟದೆ ಮೈಮೇಲೆ ಇಟ್ಟುಕೊಳ್ಳಿ. ಬಿದ್ದಾಗ ಸೈಕಲ್ ಒಂದು ಕಡೆ, ನೀವು ಇನ್ನೊಂದು ಕಡೆ ಇರುತ್ತೀರಿ.

ಬಂದೂಕನ್ನು ಮೈಮೇಲೆ ಎಲ್ಲಿ ಇಟ್ಟುಕೊಳ್ಳಬಹುದು?

ಒಳ್ಳೆಯ ಜಾಗವೇ ಇಲ್ಲ. ಸೊಂಟದ ಮುಂಭಾಗದಲ್ಲಿಟ್ಟರೆ ಬಾಗಿ ಕುಳಿತಾಗ ನಳಿಗೆ ತೊಡೆಗೂ ಹೊಟ್ಟೆಗೂ ಒತ್ತುತ್ತದೆ, ಪಕ್ಕದಲ್ಲಿಟ್ಟರೆ ಬೀಳುವಾಗ ನೆಲಕ್ಕೆ ಮೊದಲು ತಾಗುವುದೇ ಆ ಭಾಗ. ಜೆರ್ಸಿಯ ಬೆನ್ನ ಜೇಬು ಎಲ್ಲಕ್ಕಿಂತ ಕೆಟ್ಟದ್ದು. ನಾನೊಮ್ಮೆ ಜಲ್ಲಿಕಲ್ಲಿನ ಮೇಲೆ ಜಾರಿ ಬೆನ್ನ ಮೇಲೆ ಬಿದ್ದಾಗ ಜೇಬಿನಲ್ಲಿದ್ದದ್ದು ಒಂದು ಪುಟ್ಟ ಗಾಳಿಪಂಪು, ನೂರು ಗ್ರಾಮಿನಷ್ಟು ತೂಕದ್ದು. ಬೆನ್ನುಮೂಳೆಯ ಪಕ್ಕದಲ್ಲಿ ಅದರ ಆಕಾರವೇ ಅಚ್ಚೊತ್ತಿದಂತೆ ಕಂದಿತ್ತು. ಮೂರು ವಾರ ಎಡಮಗ್ಗುಲಿಗೆ ಹೊರಳಲು ಆಗಲಿಲ್ಲ. ಆ ಜಾಗದಲ್ಲಿ ಮುಕ್ಕಾಲು ಕಿಲೋ ಉಕ್ಕು ಇದ್ದಿದ್ದರೆ ಏನಾಗುತ್ತಿತ್ತು ಎಂಬುದನ್ನು ಊಹಿಸಲು ನನಗೆ ಮನಸ್ಸಾಗುವುದಿಲ್ಲ. ಅದರ ಮೇಲೆ, ಒರೆಯಿಲ್ಲದ ಜೇಬಿನಲ್ಲಿ ಬೀಗದ ಕೈಯೋ ದಾರವೋ ಕುದುರೆಗೆ ಸಿಕ್ಕಿಕೊಂಡರೆ ಗುಂಡು ಹಾರಲು ಬೇರೆ ಕಾರಣ ಬೇಕಿಲ್ಲ.

ಹ್ಯಾಂಡಲ್ ಚೀಲದಲ್ಲೋ ಕ್ಯಾರಿಯರ್ ಚೀಲದಲ್ಲೋ ಇಟ್ಟರೆ?

ಬೇಕಾದಾಗ ಕೈಗೆ ಸಿಗುವುದಿಲ್ಲ, ನೀವಿಲ್ಲದಾಗ ಕಳ್ಳರ ಕೈಗೆ ಸಿಗುತ್ತದೆ. ಸೈಕಲ್ ಕದಿಯುವುದು ಎಷ್ಟು ಸುಲಭ ಎಂಬುದು ಎಲ್ಲ ಸವಾರರಿಗೂ ಗೊತ್ತು.

ಕಾನೂನು ಏನು ಹೇಳುತ್ತದೆ?

ದೇಶದಿಂದ ದೇಶಕ್ಕೆ ಅಜಗಜಾಂತರ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಇಲ್ಲದೆ ಬಂದೂಕು ಹೊಂದುವುದೇ ಅಪರಾಧ. ಬ್ರಿಟನ್ನಿನಲ್ಲಿ 1997ರ ತಿದ್ದುಪಡಿಗಳ ನಂತರ ಖಾಸಗಿ ವ್ಯಕ್ತಿಗಳು ಪಿಸ್ತೂಲು ಇಟ್ಟುಕೊಳ್ಳುವುದಕ್ಕೆ ಬಹುಮಟ್ಟಿಗೆ ನಿಷೇಧವಿದೆ. ಪೆಪ್ಪರ್ ಸ್ಪ್ರೇ ಕೂಡ ಅಲ್ಲಿ ನಿಷಿದ್ಧ ಆಯುಧ. ಅಮೆರಿಕದ ಸುಪ್ರೀಂ ಕೋರ್ಟ್ 2022ರಲ್ಲಿ, ಮನೆಯ ಹೊರಗೂ ಆತ್ಮರಕ್ಷಣೆಗಾಗಿ ಕೈಬಂದೂಕು ಇಟ್ಟುಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು. ಆದರೂ ಅಲ್ಲಿ ರಾಜ್ಯಕ್ಕೊಂದು ನಿಯಮವಿದ್ದು, ಒಂದು ರಾಜ್ಯದ ಪರವಾನಗಿಗೆ ಮತ್ತೊಂದು ರಾಜ್ಯದಲ್ಲಿ ಬೆಲೆ ಇಲ್ಲದಿರಬಹುದು. ಶಾಲೆಯ ಆವರಣದಿಂದ ಸಾವಿರ ಅಡಿಯೊಳಗೆ, ಆ ರಾಜ್ಯದ ಪರವಾನಗಿ ಇಲ್ಲದವರು ಗುಂಡು ತುಂಬಿದ ಬಂದೂಕನ್ನು ಮೈಮೇಲೆ ಇಟ್ಟುಕೊಂಡು ಹೋಗುವುದನ್ನು ಕೇಂದ್ರ ಕಾನೂನು ತಡೆಯುತ್ತದೆ. ಒಂದು ಬೆಳಗಿನ ಸವಾರಿಯಲ್ಲಿ ಇಂಥ ಎಷ್ಟು ಶಾಲೆಗಳನ್ನು ದಾಟುತ್ತೇವೆ ಎಂದು ಎಣಿಸಿ ನೋಡಿ. ಗಡಿ ದಾಟಿ ದೇಶದೇಶಗಳನ್ನು ಸುತ್ತುವ ಸವಾರರಿಗಂತೂ ಇದು ಆಗದ ಮಾತು.

ಇಟ್ಟುಕೊಳ್ಳುವ ಹಕ್ಕು ಬೇರೆ, ಹಾರಿಸುವ ಹಕ್ಕು ಬೇರೆ. ಅಪಾಯ ಆ ಕ್ಷಣದ್ದಾಗಿರಬೇಕು, ಬಳಸಿದ ಬಲ ಅಪಾಯಕ್ಕೆ ತಕ್ಕಷ್ಟಿರಬೇಕು, ಜಗಳವನ್ನು ನೀವೇ ಕೆರಳಿಸಿರಬಾರದು ಎಂಬ ತತ್ತ್ವಗಳು ಒಂದಲ್ಲ ಒಂದು ರೂಪದಲ್ಲಿ ಬಹುತೇಕ ಎಲ್ಲ ಕಡೆ ಇವೆ. ಹೆದರಿಸಲೆಂದು ಬಂದೂಕು ತೋರಿಸಿದರೂ ಅಪರಾಧವಾಗಬಹುದು.

ಬಂದೂಕು ಜೊತೆಗಿದ್ದರೆ ನಮ್ಮ ನಡವಳಿಕೆ ಬದಲಾಗುತ್ತದೆಯೇ?

ಮನಶ್ಶಾಸ್ತ್ರಜ್ಞರಾದ ಲಿಯೊನಾರ್ಡ್ ಬರ್ಕೊವಿಟ್ಸ್ ಮತ್ತು ಆಂಥನಿ ಲೆಪೇಜ್ 1967ರಲ್ಲಿ ನಡೆಸಿದ ಪ್ರಯೋಗದಲ್ಲಿ, ಮೊದಲೇ ಸಿಟ್ಟಿಗೆದ್ದವರ ಎದುರಿಗೆ ಬಂದೂಕು ಸುಮ್ಮನೆ ಇದ್ದರೂ ಅವರ ಆಕ್ರಮಣಶೀಲತೆ ಹೆಚ್ಚಾದದ್ದು ಕಂಡುಬಂದಿತ್ತು. ನಂತರದ ಪ್ರಯೋಗಗಳ ಫಲಿತಾಂಶ ಎಲ್ಲವೂ ಒಂದೇ ರೀತಿ ಬಂದಿಲ್ಲ. ಆದ್ದರಿಂದ ನಾನು ಪ್ರಯೋಗಕ್ಕಿಂತ ರಸ್ತೆಯ ಅನುಭವವನ್ನೇ ಹೆಚ್ಚು ನೆಚ್ಚುತ್ತೇನೆ. ಮೈ ಉಜ್ಜಿಕೊಂಡು ಹೋದ ಕಾರು ಮುಂದಿನ ಕೆಂಪು ದೀಪದಲ್ಲಿ ಸಿಕ್ಕಿಬೀಳುತ್ತದೆ. ಕಾಲು ಇನ್ನೂ ನಡುಗುತ್ತಿರುತ್ತದೆ, ಬಾಯಿ ಒಣಗಿರುತ್ತದೆ, ಕಿಟಕಿ ತಟ್ಟಿ ನಾಲ್ಕು ಮಾತು ಕೇಳಬೇಕೆಂದು ಕೈ ತಾನಾಗಿ ಮೇಲೇಳುತ್ತದೆ. ಆ ಗಳಿಗೆಯನ್ನು ನಾನು ಹಲವು ಸಲ ಕಂಡಿದ್ದೇನೆ. ಕೆಲವು ಸಲ ಕಿಟಕಿ ತಟ್ಟಿಯೂ ಇದ್ದೇನೆ. ಕೂಗಾಟದಲ್ಲಿ ಮುಗಿದ ಆ ಜಗಳಗಳ ಮಧ್ಯೆ ಇಬ್ಬರಲ್ಲಿ ಒಬ್ಬರ ಸೊಂಟದಲ್ಲಿ ಬಂದೂಕು ಇದ್ದಿದ್ದರೆ ಅವು ಕೂಗಾಟದಲ್ಲಿ ಮುಗಿಯುತ್ತಿದ್ದವೆಂಬ ಭರವಸೆ ನನಗಿಲ್ಲ. ಆ ಚಾಲಕನ ಬಳಿಯೂ ಒಂದು ಇರಬಹುದು ಎಂಬುದನ್ನೂ ಮರೆಯಬಾರದು.

ಒಂಟಿಯಾಗಿ ಸವಾರಿ ಮಾಡುವ ಮಹಿಳೆಯರಿಗೂ ಇದೇ ಉತ್ತರವೇ?

ಭಯ ಒಂದೇ ಅಲ್ಲ, ಆದ್ದರಿಂದ ಉತ್ತರವೂ ಅಷ್ಟು ಸರಳವಲ್ಲ. ಹಿಂಬಾಲಿಸುವವರು, ದಾರಿಯುದ್ದಕ್ಕೂ ಅಸಹ್ಯ ಮಾತಾಡುತ್ತ ಪಕ್ಕದಲ್ಲೇ ವಾಹನ ಓಡಿಸುವವರು ಗಂಡಸರಿಗೆ ಅಷ್ಟಾಗಿ ಎದುರಾಗುವುದಿಲ್ಲ. ಆದರೂ ಬಂದೂಕು ಹೊರತೆಗೆಯಲು ಬೇಕಾದ ಸೆಕೆಂಡುಗಳ ಲೆಕ್ಕ ಇಲ್ಲಿಯೂ ಬದಲಾಗದು. ಹಿಂಬಾಲಿಸುವ ವಾಹನ ಸುಲಭವಾಗಿ ತಿರುಗಲಾರದ ಕಡೆಗೆ, ಬಂದ ದಾರಿಯಲ್ಲೇ ಸೈಕಲ್ ತಿರುಗಿಸಿ ಜನರಿರುವತ್ತ ಹೋಗುವುದು ನಾನು ಕೇಳಿದ ಉಪಾಯಗಳಲ್ಲಿ ಬಹಳ ಒಳ್ಳೆಯದು. ಸಣ್ಣ ಸೈಕಲ್ಲಿಗೆ ಇರುವ ದೊಡ್ಡ ಅನುಕೂಲವೇ ಅದು.

ಹಾಗಾದರೆ ಬಂದೂಕಿನ ಬದಲು ಏನು ಇಟ್ಟುಕೊಳ್ಳಬೇಕು?

ಎಲ್ಲಕ್ಕಿಂತ ಮೊದಲು ಹಿಂದೆ ಏನು ಬರುತ್ತಿದೆ ಎಂದು ತಿಳಿಸುವ ಕನ್ನಡಿ. ಕೈಲಾದರೆ ನೂರು ಮೀಟರಿಗೂ ಹೆಚ್ಚು ದೂರದಿಂದಲೇ ವಾಹನದ ಸುಳಿವು ಕೊಡುವ ಹಿಂಬದಿ ರಾಡಾರ್ ದೀಪ. ಬಂದೂಕು ಕೇಳುವ ಸೆಕೆಂಡುಗಳನ್ನು ಇವು ನಿಮಗೇ ಉಳಿಸಿಕೊಡುತ್ತವೆ. ಹಗಲಿನಲ್ಲೂ ಮಿನುಗುವ ಹಿಂಬದಿ ದೀಪ ಇರಲಿ. ಮುಂದಕ್ಕೂ ಹಿಂದಕ್ಕೂ ಕ್ಯಾಮೆರಾ ಇದ್ದರೆ ನೋಂದಣಿ ಸಂಖ್ಯೆ ದಾಖಲಾಗುತ್ತದೆ, ದೂರಿಗೆ ಬಲ ಬರುತ್ತದೆ. ಎಲ್ಲಿದ್ದೀರಿ ಎಂಬುದನ್ನು ಫೋನಿನ ಮೂಲಕ ಮನೆಯವರೊಬ್ಬರಿಗೆ ಕಾಣುವಂತೆ ಇಡಿ. ಕಾನೂನು ಒಪ್ಪುವ ಕಡೆ ಪೆಪ್ಪರ್ ಸ್ಪ್ರೇ ಸರಿ, ಆದರೆ ಎದುರುಗಾಳಿಯಲ್ಲಿ ಸಾಗುತ್ತ ಅದನ್ನು ಒತ್ತಿದರೆ ಖಾರವೆಲ್ಲ ನಿಮ್ಮ ಕಣ್ಣಿಗೇ ಮರಳುತ್ತದೆ. ನಿಂತು, ಗಾಳಿ ನೋಡಿ ಬಳಸಬೇಕು. ಗೊತ್ತಿರುವ ಕೆಟ್ಟ ದಾರಿಯನ್ನು ಬಿಟ್ಟು ಐದು ಕಿಲೋಮೀಟರ್ ಸುತ್ತಿ ಹೋಗುವುದರಲ್ಲಿ ಯಾವ ಅವಮಾನವೂ ಇಲ್ಲ.

ಇಷ್ಟೆಲ್ಲ ಕೇಳಿಯೂ, ಪರವಾನಗಿ ಇರುವವರು ಇಟ್ಟುಕೊಂಡೇ ತೀರುತ್ತೇವೆ ಎಂದರೆ?

ಆಗ ಕುದುರೆಯನ್ನು ಪೂರ್ತಿ ಮುಚ್ಚುವ ಗಟ್ಟಿ ಒರೆ ಇರಲಿ, ಬೆನ್ನುಮೂಳೆಯ ಮೇಲೆ ಬೇಡ. ಬೆವರು ಉಕ್ಕನ್ನು ಬೇಗ ತುಕ್ಕು ಹಿಡಿಸುವುದರಿಂದ ಪ್ರತಿ ಸವಾರಿಯ ನಂತರ ಒರೆಸಿ ಎಣ್ಣೆ ಹಚ್ಚಬೇಕು. ರಸ್ತೆಯ ಅದುರಾಟಕ್ಕೆ ಒರೆಯ ತಿರುಪುಗಳು ಸಡಿಲವಾಗುತ್ತವೆ, ಅವನ್ನೂ ನೋಡಿಕೊಳ್ಳಬೇಕು. ಸವಾರಿಯ ಮಧ್ಯೆ ಅಥವಾ ಕೊನೆಗೆ ಮದ್ಯ ಮುಟ್ಟಬಾರದು. ಸವಾರಿ ಮಾಡುತ್ತ ಹೊರತೆಗೆಯಲೇಬಾರದು.

ಗುಂಪಿನಲ್ಲಿ ಸವಾರಿ ಮಾಡುವಾಗ ಜೊತೆಯವರಿಗೆ ಹೇಳಬೇಕೇ?

ಖಂಡಿತ ಹೇಳಬೇಕು, ಹೊರಡುವ ಮೊದಲೇ ಹೇಳಬೇಕು. ಬೇಡವೆನ್ನುವವರಿಗೆ ಆ ಗುಂಪಿನಿಂದ ಹಿಂದೆ ಸರಿಯುವ ಅವಕಾಶ ಸಿಗಬೇಕು. ಇನ್ನೂ ಮುಖ್ಯವಾದ ಕಾರಣ ಒಂದಿದೆ. ಸವಾರ ಬಿದ್ದು ಪ್ರಜ್ಞೆ ತಪ್ಪಿದಾಗ ಮೊದಲು ಓಡಿಬರುವುದು ಜೊತೆಯವರೇ. ಅಂಗಿ ಸಡಿಲಿಸುವುದು, ಮಗ್ಗುಲು ಹೊರಳಿಸುವುದು, ಆಂಬ್ಯುಲೆನ್ಸಿನವರು ಬಂದಾಗ ಮೈ ಎತ್ತಿಕೊಡುವುದು ಅವರೇ. ಬಟ್ಟೆಯೊಳಗೆ ಗುಂಡು ತುಂಬಿದ ಬಂದೂಕು ಇದೆ, ಯಾವ ಮಗ್ಗುಲಲ್ಲಿದೆ ಎಂಬುದು ಆ ಕೈಗಳಿಗೆ ಮುಂಚೆಯೇ ಗೊತ್ತಿರಬೇಕು.